ಹಳೆಯ ಲಾರಿಯೂ ಹದಿನಾರರ ಮಗನೂ
(ಸಂಘದ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಭಾಷಣ ಮಾಡಿ ನಮಗೆ ರೂಢಿಯಿಲ್ಲ. ಇಪ್ಪತ್ತು ವರ್ಷ ಹೋಟೆಲಿನ ಒಲೆಯ ಮುಂದೆ ನಿಂತವರು ನಾವು. ಅಲ್ಲಿಯ ಮಾತೆಲ್ಲ ‘ಎರಡು ಸಾದಾ, ಒಂದು ಮಸಾಲೆ’ ಎಂಬಲ್ಲಿಗೆ ಮುಗಿಯುತ್ತದೆ. ಆದರೆ ಕಾರ್ಯದರ್ಶಿಗಳು ಬಿಡಲಿಲ್ಲ. “ನೀವೂ ಮಗನೂ ಸೇರಿ ಸತ್ತ ಲಾರಿಯನ್ನು ಎಬ್ಬಿಸಿದಿರಂತಲ್ಲ, ಅದನ್ನೇ ಹೇಳಿ” ಎಂದು ಗಂಟುಬಿದ್ದರು. ಆದುದರಿಂದ ಲಾರಿಯ ವಿಷಯದಲ್ಲಿ ‘ನಾವು’ ಎಂದಾಗಲೆಲ್ಲ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿರುವ ಆ ಹುಡುಗನೂ ಅದರಲ್ಲಿ ಸೇರಿದ್ದಾನೆಂದು ತಾವು ತಿಳಿಯಬೇಕು.

ಲಾರಿಯೆಂದರೆ ದೊಡ್ಡದೇನಲ್ಲ. ಟಾಟಾದವರು 1986ರಲ್ಲಿ ಮೊದಲು ಹೊರತಂದ 407 ಎಂಬ ಪುಟ್ಟ ಲಾರಿ. ಮುಂಬಯಿಯಲ್ಲಿ ಎಲ್ಲರ ಬಾಯಲ್ಲೂ ಅದು ಟೆಂಪೊ. ಬಟಾಟೆ, ನೀರುಳ್ಳಿ, ಬಾಳೆಲೆ ಎಲ್ಲವೂ ನಮ್ಮ ಹೋಟೆಲುಗಳ ಬಾಗಿಲಿಗೆ ಬರುವುದು ಇಂಥ ಗಾಡಿಗಳ ಬೆನ್ನ ಮೇಲೆಯೇ. ನಾವು ಒಲೆಯ ಕೆಲಸ ಬಿಟ್ಟಮೇಲೆ ಕೂಡಿಟ್ಟ ಹಣಕ್ಕೆ ಸಾಲ ಸೇರಿಸಿ ಕೊಂಡ ಗಾಡಿ ಮಗನಿಗಿಂತ ಎರಡು ವರ್ಷ ಹಿರಿಯದು. ನಮಗಿಂತ ಮೊದಲು ಮೂವರು ಧಣಿಗಳನ್ನು ಕಂಡಿತ್ತು. ಅವರಲ್ಲಿ ಯಾರೋ ಪುಣ್ಯಾತ್ಮರು ರೇಡಿಯೇಟರಿಗೆ ವರ್ಷಗಟ್ಟಲೆ ಬೋರಿನ ನೀರು ಹೊಯ್ದಿದ್ದರು. ಅದರ ಫಲವನ್ನು ಉಂಡವರು ನಾವು.

ಕಳೆದ ವರ್ಷ ಪುಣೆಯ ಒಂದು ಹೋಟೆಲಿಗೆ ಗ್ರೈಂಡರು, ಸ್ಟೀಲಿನ ಮೇಜುಗಳನ್ನು ಹೇರಿಕೊಂಡು ಖಂಡಾಲದ ಘಾಟಿ ಹತ್ತುತ್ತಿದ್ದಾಗ ಶಾಖದ ಮುಳ್ಳು ಮೇಲಕ್ಕೇರಿತು; ಸೈಲೆನ್ಸರಿನಿಂದ ಬಿಳಿಯ ಹೊಗೆ ಬಂತು; ಇಂಜಿನು ನಿಂತಿತು. ಸಾಮಾನನ್ನು ಬೇರೆ ಗಾಡಿಗೆ ಏರಿಸಿ, ನಮ್ಮದನ್ನು ಕಳಂಬೋಲಿಗೆ ಎಳೆಸಿ ತಂದೆವು. ಒಂದು ಗ್ಯಾರೇಜಿನವರು ಬಾನೆಟ್ ಎತ್ತಿ ಒಂದು ನಿಮಿಷ ನೋಡಿ, “ಇಂಜಿನ್ ಖಲಾಸ್. ಭಂಗಾರಕ್ಕೆ ಹಾಕಿ” ಎಂದರು. ಭಂಗಾರದವನು ಹೇಳಿದ ಬೆಲೆ ಸಾಲದ ಅರ್ಧಕ್ಕೂ ಬರುತ್ತಿರಲಿಲ್ಲ.

ಆ ರಾತ್ರಿ ಊಟದ ಹೊತ್ತಿಗೆ ಮಗ ಬಾಯಿ ಬಿಟ್ಟ. ಬಾಯಿ ಬಿಟ್ಟ ಎಂಬುದನ್ನು ಒತ್ತಿ ಹೇಳುತ್ತೇವೆ. ಏಕೆಂದರೆ ಹತ್ತನೆಯದು ಮುಗಿಸಿ ಹನ್ನೊಂದಕ್ಕೆ ಸೇರಿದ ಮೇಲೆ ಅವನಿಂದ ‘ಹೂಂ’ ಎಂಬುದಕ್ಕಿಂತ ಉದ್ದದ ಮಾತು ನಮ್ಮ ಕಿವಿಗೆ ಬಿದ್ದುದು ಕಡಿಮೆ. ಈ ಸಭೆಯಲ್ಲಿರುವ ಅನೇಕ ಪಾಲಕರಿಗೆ ಇದು ಹೊಸ ಸಂಗತಿಯಲ್ಲ. ನಾವು ಬೆಳಗಿನ ನಾಲ್ಕಕ್ಕೆ ಏಳುವವರು, ಮಕ್ಕಳು ರಾತ್ರಿ ಹನ್ನೆರಡಕ್ಕೆ ಮಲಗುವವರು. ಒಂದೇ ಖೋಲಿಯಲ್ಲಿದ್ದರೂ ಎರಡು ಪಾಳಿಯ ಕೆಲಸಗಾರರ ಹಾಗೆ.

“ಅಪ್ಪಯ್ಯ, ಗಾಡಿ ಭಂಗಾರಕ್ಕೆ ಹಾಕುವುದು ಬೇಡ. ನಾನು ಕಾಲೇಜು ಬಿಡ್ತೇನೆ. ನಾವೇ ರಿಪೇರಿ ಮಾಡಿ ಓಡಿಸುವ.”

ಆ ಮೂರು ಮಾತಿನಲ್ಲಿ ನಡುವಿನದು ನಮ್ಮ ಎದೆಗೆ ಕೂತಿತು. ನಾವು ಹನ್ನೆರಡನೆಯ ವಯಸ್ಸಿಗೆ ಕುಂದಾಪುರದ ಕಡೆಯಿಂದ ಬಸ್ಸು ಹತ್ತಿ ಬಂದವರು; ಕೊಂಕಣ ರೈಲು ಪೂರ್ತಿ ತೆರೆದದ್ದು 1998ರಲ್ಲಿ, ಅದಕ್ಕೂ ಹಿಂದಿನ ಮಾತು. ಗ್ಲಾಸು ತೊಳೆಯುತ್ತ, ರಾತ್ರಿಶಾಲೆಯ ಬೆಂಚಿನ ಮೇಲೆ ನಿದ್ದೆ ಹೊಡೆಯುತ್ತ ಏಳನೆಯ ತರಗತಿ ಮುಟ್ಟಿದೆವು. ಹೋಟೆಲುಗಳಲ್ಲಿ ಹದಿನಾಲ್ಕರೊಳಗಿನ ಮಕ್ಕಳನ್ನು ಇಟ್ಟುಕೊಳ್ಳಬಾರದೆಂಬ ಸರಕಾರದ ಕಟ್ಟಳೆ ಜಾರಿಗೆ ಬಂದದ್ದು 2006ರ ಅಕ್ಟೋಬರಿನಲ್ಲಿ. ಅಷ್ಟರಲ್ಲಿ ನಮ್ಮಂಥವರ ಬಾಲ್ಯ ಮೋರಿಯ ನೀರಿನೊಡನೆ ಹರಿದುಹೋಗಿತ್ತು. ಮಗನ ಕೈಗೆ ಮಸಿ ತಾಗಬಾರದೆಂದೇ ಇಷ್ಟು ವರ್ಷ ದುಡಿದದ್ದು. ಈಗ ಅವನೇ ಮಸಿಯನ್ನು ಕೇಳುತ್ತಿದ್ದಾನೆ!

ವಾದ ನಾಲ್ಕು ದಿನ ನಡೆಯಿತು. ಕೊನೆಗೆ ಮನೆಯವರು ಮಧ್ಯೆ ಬಂದು ಕರಾರು ಮಾಡಿಸಿದರು. ಕಾಲೇಜಿನ ಒಂದು ದಿನವೂ ತಪ್ಪಬಾರದು; ರವಿವಾರ ಮತ್ತು ದೀಪಾವಳಿಯ ರಜೆಯಲ್ಲಿ ಮಾತ್ರ ಕೆಲಸ; ಕಾಲೇಜು ಬಿಡುವ ಮಾತನ್ನು ಗಾಡಿ ಎದ್ದಮೇಲೆ ತೆಗೆಯಬೇಕು. ಗ್ರೀಸು ಹತ್ತಿದ ಬಟ್ಟೆಯನ್ನು ಅವರವರೇ ಒಗೆದುಕೊಳ್ಳತಕ್ಕದ್ದು ಎಂಬ ನಾಲ್ಕನೆಯ ಕಲಮನ್ನೂ ಅವರೇ ಸೇರಿಸಿದರು.

ನಮಗೆ ಇಂಜಿನು ಗೊತ್ತಿಲ್ಲ, ಮಗನಿಗೆ ಪಾನಾ ಹಿಡಿದು ಗೊತ್ತಿಲ್ಲ. ದಾರಿ ತೋರಿದವರು ನಮ್ಮ ಸಂಘದ ಹಿರಿಯರೊಬ್ಬರು. ಹೆಸರು ಹೇಳಬಾರದೆಂದು ಅಪ್ಪಣೆ ಮಾಡಿದ್ದಾರೆ. ವಿಜಯಪುರದ ಕಡೆಯವರು, ಪರೇಲಿನ ಗಿರಣಿಯೊಂದರಲ್ಲಿ ಎಳೆಯ ಫಿಟ್ಟರು. 1982ರ ಜನವರಿ 18ರಂದು ಎರಡೂವರೆ ಲಕ್ಷದಷ್ಟು ಗಿರಣಿ ಕಾಮಗಾರರು ಮುಷ್ಕರ ಹೂಡಿದಾಗ ಅವರೂ ಹೊರಗೆ ಬಂದರು. ಮತ್ತೆ ಆ ಗೇಟಿನೊಳಗೆ ಹೋಗಲಿಲ್ಲ. ಮುಂದೆ ಕುರ್ಲಾದಲ್ಲಿ ಡೀಸೆಲ್ ಇಂಜಿನುಗಳ ಕೆಲಸ ಕಲಿತು ಸಂಸಾರ ಸಾಗಿಸಿದರು. ಮಗ ಅವರನ್ನು ಕಾಕಾ ಎನ್ನುತ್ತಾನೆ. ನಾವೂ ಹಾಗೆಯೇ ಎನ್ನುತ್ತೇವೆ.

ಮೊದಲ ರವಿವಾರ ಕಾಕಾ ಬಂದವರು ಪಾನಾ ಮುಟ್ಟಲಿಲ್ಲ. ಆಯಿಲಿನ ಕಡ್ಡಿ ಎಳೆದು ಮಗನಿಗೆ ತೋರಿಸಿದರು. ಆಯಿಲು ಕಪ್ಪಗಿರಬೇಕಾದಲ್ಲಿ ಹಾಲು ಬೆರೆಸಿದ ಚಹದಂತಿತ್ತು. “ನೀರು ಕೂಡೇತಿ. ಎಲ್ಲಿಂದ ಕೂಡ್ತು, ನೀನ ಹೇಳು ತಮ್ಮಾ” ಎಂದರು. ಹುಡುಗ ತಡವರಿಸಿದ. ಉತ್ತರ ಕೊಟ್ಟದ್ದು, ನಂಬಿದರೆ ನಂಬಿ, ನಮ್ಮ ಅಡಿಗೆಮನೆಯ ವಿದ್ಯೆ. ಇಂಜಿನಿನ ಹೆಡ್ ಎಂಬುದು ಮುಚ್ಚಳ; ಅದರ ಕೆಳಗಿನ ಗ್ಯಾಸ್ಕೆಟು ಕುಕ್ಕರಿನ ರಬ್ಬರು ಬಳೆಯ ಹಾಗೆ. ಬಳೆ ಸುಟ್ಟರೆ ಹಬೆ ಎಲ್ಲಿಂದಲೋ ನುಗ್ಗುತ್ತದೆ. ಇಲ್ಲಿ ನೀರಿನ ದಾರಿ, ಆಯಿಲಿನ ದಾರಿ, ಬೆಂಕಿಯ ಮನೆ ಮೂರನ್ನೂ ಬೇರೆಬೇರೆಯಾಗಿ ಇಡುವುದು ಅದೊಂದೇ ತೆಳ್ಳನೆಯ ಹಾಳೆ. ರೇಡಿಯೇಟರನ್ನು ಬಿಚ್ಚಿದಾಗ ಕೊಳವೆಗಳೊಳಗೆ ಚಹದ ಬಾಯ್ಲರಿನಲ್ಲಿ ಕಟ್ಟುವಂಥದೇ ಸುಣ್ಣದ ಪದರ. ಬೋರಿನ ನೀರಿನ ಕೊಡುಗೆ. ನೀರು ಸುತ್ತಲಿಲ್ಲ, ಶಾಖ ಇಳಿಯಲಿಲ್ಲ, ಹೆಡ್ಡು ಸೊಟ್ಟಾಯಿತು, ಗ್ಯಾಸ್ಕೆಟು ಸುಟ್ಟಿತು. ಇಷ್ಟು ತಿಳಿಯಲು ಇಡೀ ದಿನ ಹಿಡಿಯಿತು. ಒಂದು ನಿಮಿಷದಲ್ಲಿ ‘ಖಲಾಸ್’ ಎಂದವರಿಗೆ ಆ ದಿನವನ್ನು ಕೊಡುವ ಮನಸ್ಸಿರಲಿಲ್ಲ, ಅಷ್ಟೇ.

ಬಿಚ್ಚುವುದು ಸುಲಭ, ಬಿಚ್ಚಿದ್ದನ್ನು ಅದೇ ಜಾಗಕ್ಕೆ ಸೇರಿಸುವುದು ಕಷ್ಟ. ಇದಕ್ಕೆ ಮಗ ಒಂದು ಉಪಾಯ ಹೂಡಿದ. ಮಿಠಾಯಿ ಡಬ್ಬದ ರಟ್ಟಿಗೆ ಎಂಟು ತೂತು ಕೊರೆದು, ಅಂಕೆ ಬರೆದು, ವಾಲ್ವುಗಳನ್ನು ತಳ್ಳುವ ಎಂಟು ಸರಳುಗಳನ್ನು ಕ್ರಮವಾಗಿ ಸಿಕ್ಕಿಸಿಟ್ಟ. ನಟ್ಟು-ಬೋಲ್ಟುಗಳಿಗೆ ನಮ್ಮ ಹಳೆಯ ಇಡ್ಲಿ ತಟ್ಟೆಗಳು ಬಂದವು. ಒಂದೊಂದು ಗುಳಿಗೆ ಒಂದೊಂದು ಜಾಗದ ನಟ್ಟು. ಕಾಕಾ ನೋಡಿ, “ಗಿರಣ್ಯಾಗ ಇಂಥಾ ಹುಡುಗ ಇದ್ದಿದ್ರ ಜಾಬರ್ ಆಗ್ತಿದ್ದ” ಎಂದು ನಕ್ಕರು. ಆ ದಿನ ಹುಡುಗ ರಾತ್ರಿಯ ಊಟಕ್ಕೆ ಎರಡು ಸಲ ಅನ್ನ ಹಾಕಿಸಿಕೊಂಡ.

ಇಲ್ಲಿ ಒಂದು ಮಾತನ್ನು ಪಾಲಕರು ಗಮನಿಸಬೇಕು. ನಾವು ಕೆಲಸ ಕಲಿತದ್ದು ಏಟು ತಿಂದು. ದೋಸೆ ಹರಿದರೆ ಸೌಟಿನಿಂದ ಬೆರಳ ಗಂಟಿಗೆ ಬೀಳುತ್ತಿತ್ತು. ಕಾವಲಿ ಏಕೆ ಅಷ್ಟೇ ಕಾಯಬೇಕೆಂದು ಕೇಳುವ ಧೈರ್ಯ ಯಾರಿಗಿತ್ತು? ಮಗ ಹಾಗಲ್ಲ. ಪ್ರತಿಯೊಂದಕ್ಕೂ ‘ಎಂತಕ್ಕೆ’ ಎಂದು ಕೇಳುತ್ತಾನೆ. ಕಾಕಾ ಒಮ್ಮೆಯೂ ಗದರಲಿಲ್ಲ. ಗೊತ್ತಿದ್ದುದನ್ನು ಹೇಳಿದರು, ಗೊತ್ತಿಲ್ಲದ್ದನ್ನು “ನಿನ್ನ ಬುಕ್ಕಿನ್ಯಾಗ ನೋಡು” ಎಂದರು. ಹುಡುಗ ಪದಾರ್ಥವಿಜ್ಞಾನದ ಪುಸ್ತಕ ತಂದು ಓದಿ ಹೇಳಿದ. ಡೀಸೆಲ್ ಇಂಜಿನಿಗೆ ಕಿಡಿ ಬೇಡ. ಗಾಳಿಯನ್ನು ಹದಿನೇಳು ಹದಿನೆಂಟು ಪಾಲಿನಲ್ಲಿ ಒಂದು ಪಾಲಿನಷ್ಟು ಜಾಗಕ್ಕೆ ಹಿಸುಕಿದರೆ ಅದೇ ಕೆಂಡದಂತೆ ಕಾಯುತ್ತದೆ. ಎಣ್ಣೆ ಚಿಮ್ಮಿದೊಡನೆ ತಾನೇ ಹೊತ್ತುತ್ತದೆ. ಜರ್ಮನಿಯ ರುಡಾಲ್ಫ್ ಡೀಸೆಲ್ ಎಂಬಾತ 1897ರಲ್ಲಿ ಇದನ್ನು ನಡೆಸಿ ತೋರಿಸಿದನಂತೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದೂ ಇದೇ ಕಾರಣದಿಂದ ಎಂದ. ಐವತ್ತು ವರ್ಷದ ನಮಗೆ ಅದು ಆಗ ತಿಳಿಯಿತು. ಎಣ್ಣೆ ಚಿಮ್ಮಿಸುವ ಪಂಪಿನ ಮೇಲೆ ಮೈಕೊ ಎಂಬ ಹೆಸರಿತ್ತು. 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಾರಖಾನೆಯ ಮಾಲು. 2008ರಿಂದ ಅದಕ್ಕೆ ಬಾಷ್ ಎಂಬ ಹೆಸರು. ನಮ್ಮ ನಾಡಿನಲ್ಲಿ ಆದದ್ದೆಂದು ಮಗನಿಗೆ ಹೇಳಿಕೊಳ್ಳಲು ನಮಗೂ ಒಂದು ಸಿಕ್ಕಿತಲ್ಲ ಎಂದು ಆ ಪಂಪನ್ನು ನಾಲ್ಕು ಸಲ ಒರೆಸಿದೆವು.

ಮಾತಿನ ವಿಷಯ ಬಂತಾದ್ದರಿಂದ ಇದನ್ನೂ ಹೇಳಬೇಕು. ಮಗನ ಕನ್ನಡ ಬಹಳ ಬಡವಾಗಿತ್ತು. ಶಾಲೆ ಇಂಗ್ಲಿಷಿನದು, ಓಣಿ ಹಿಂದಿ-ಮರಾಠಿಯದು. ಕನ್ನಡ ಊಟ-ತಿಂಡಿಗಷ್ಟೇ ಉಳಿದಿತ್ತು. ಲಾರಿಯ ಕೆಳಗೆ ಮಲಗಿದವನು “ಅಪ್ಪಯ್ಯ, ಇಲ್ಲಿ ಲೀಕ್ ಉಂಟು” ಎಂದರೆ ನಾವು ಮೇಲಿನಿಂದ, “ಸೋರುತ್ತದೋ, ಜಿನುಗುತ್ತದೋ, ಒಸರುತ್ತದೋ?” ಎಂದು ಕೇಳುವುದು. ಹನಿಹನಿಯಾಗಿ ಬಿದ್ದರೆ ಪೈಪು ಬಿಚ್ಚಬೇಕು. ಬರಿಯ ಪಸೆಯಾದರೆ ಕ್ಲಿಪ್ಪು ಬಿಗಿದರೆ ಸಾಕು. ಮೂರು ವಾರದಲ್ಲಿ ಅವನು ಮೂರನ್ನೂ ಬೇರೆಬೇರೆಯಾಗಿ ಹೇಳತೊಡಗಿದ. ವ್ಯಾಕರಣದ ಮಾಸ್ತರರಿಗೆ ಆಗದ ಕೆಲಸ ರೇಡಿಯೇಟರಿನಿಂದ ಆಯಿತು.

ಸೊಟ್ಟಾದ ಹೆಡ್ಡನ್ನು ಕುರ್ಲಾದ ವರ್ಕ್‌ಶಾಪಿನಲ್ಲಿ ಸಮ ಮಾಡಿಸಿದೆವು. ವಾಲ್ವುಗಳನ್ನು ಪೇಸ್ಟು ಹಾಕಿ ಕೈಯಲ್ಲೇ ಅರೆದೆವು. ರಾಗಿಕಲ್ಲು ತಿರುಗಿಸಿದಂತೆ, ಅತ್ತ ಸ್ವಲ್ಪ ಇತ್ತ ಸ್ವಲ್ಪ. ಅರೆದಮೇಲೆ ಡೀಸೆಲು ಹೊಯ್ದು ನೋಡುವುದು. ಕೆಳಗೆ ಇಳಿದರೆ ಮತ್ತೆ ಅರೆಯುವುದು. ಒಂದು ವಾಲ್ವು ನಮ್ಮಿಬ್ಬರ ತಾಳ್ಮೆಯನ್ನೂ ಅರೆದುಬಿಟ್ಟಿತು.

ಹೆಡ್ ಬಿಗಿಯುವ ದಿನ ಹುಡುಗ ತನ್ನ ತೋಳಿನ ಬಲವನ್ನೆಲ್ಲ ಹಾಕಲು ಹೊರಟ. ಕಾಕಾ ಕೈ ಹಿಡಿದರು. “ನಟ್ ಬಿಗಿಯೂದು ಕಸುವಿನ ಕೆಲಸ ಅಲ್ಲಪಾ, ಲೆಕ್ಕದ ಕೆಲಸ” ಎಂದು ತಮ್ಮ ಟಾರ್ಕ್ ಪಾನಾ ತೆಗೆದುಕೊಟ್ಟರು. ಎಷ್ಟು ಬಲ ಬೀಳುತ್ತದೆಂದು ತೋರಿಸುವ ಪಾನಾ ಅದು. ನಡುವಿನ ಬೋಲ್ಟಿನಿಂದ ಹಿಡಿದು ಹೊರಕ್ಕೆ, ಎದುರುಬದುರಾಗಿ, ಒಂದೇ ಸಲಕ್ಕಲ್ಲ, ಸುತ್ತು ಸುತ್ತಾಗಿ ಬಿಗಿಯಬೇಕು. ಬಿಚ್ಚುವಾಗ ಇದಕ್ಕೆ ತಿರುಗ, ಹೊರಗಿನಿಂದ ಒಳಕ್ಕೆ. ಮಗ ಅಂಕೆ ಓದುವುದು, ನಾವು ಎಳೆಯುವುದು. ಆ ಒಂದು ಗಂಟೆಯಲ್ಲಿ ನಮ್ಮಿಬ್ಬರ ನಡುವೆ ಅಂಕೆಗಳಲ್ಲದೆ ಬೇರೆ ಮಾತಿರಲಿಲ್ಲ. ಆದರೂ ಹಿಂದಿನ ಒಂದು ವರ್ಷದ ಮೌನದಂತೆ ಅದು ಇರಲಿಲ್ಲ.

ಈ ಕೆಲಸಕ್ಕೆ ಕೈ ಹಾಕುವವರು ಮರೆಯಬಾರದ ಸಂಗತಿಗಳಿವೆ. ಬರಿಯ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಮಗನನ್ನು ಕಳಿಸಬೇಡಿ. ಅಚ್ಚಿನ ಕೆಳಗೆ ಗಟ್ಟಿ ಮರದ ದಿಮ್ಮಿ ಕೊಡಿ, ಗಾಲಿಗಳಿಗೆ ಕಲ್ಲು ಇಡಿ. ಬಿಸಿ ರೇಡಿಯೇಟರಿನ ಮುಚ್ಚಳ ತೆರೆದರೆ ಮುಖ ಬೇಯುತ್ತದೆ. ಹಳೆಯ ಬ್ರೇಕಿನ ಧೂಳನ್ನು ಬಾಯಿಯಿಂದ ಊದಬೇಡಿ. ಅದರಲ್ಲಿ ಕಲ್ನಾರು ಇರಬಹುದು, ಶ್ವಾಸಕೋಶಕ್ಕೆ ವಿಷ. ಸ್ವಂತ ಮಗನೊಡನೆ ರಜೆಯಲ್ಲಿ ಕೆಲಸ ಮಾಡುವುದು ಬೇರೆ, ಮಗನನ್ನು ಕೆಲಸಕ್ಕೆ ಹಚ್ಚುವುದು ಬೇರೆ ಎಂಬುದನ್ನೂ ಮರೆಯಬಾರದು. ‘ನನ್ನ ಹುಡುಗನೂ ಗ್ಯಾರೇಜಿನಲ್ಲಿ ಕಲಿಯುತ್ತಿದ್ದಾನೆ’ ಎಂದು ಇಲ್ಲಿ ಒಬ್ಬರು ಹೆಮ್ಮೆಯಿಂದ ಹೇಳಿದರು. ಆ ಹುಡುಗ ಬೆಳಗಿನಿಂದ ರಾತ್ರಿಯ ತನಕ ಅಲ್ಲಿ ಚಹ ತರುತ್ತಾನೆ, ಶಾಲೆ ಬಿಟ್ಟಿದ್ದಾನೆ. ಅದನ್ನು ಕಲಿಯುವುದೆಂದು ಕರೆಯಲು ನಮ್ಮ ನಾಲಿಗೆ ಒಪ್ಪುವುದಿಲ್ಲ.

ದೀಪಾವಳಿಯ ಮರುವಾರ ಗಾಡಿ ಎದ್ದಿತು. ಒಂದೇ ಏಟಿಗೆ ಏಳಲಿಲ್ಲ. ಡೀಸೆಲಿನ ದಾರಿಯಲ್ಲಿ ಗಾಳಿ ಸೇರಿತ್ತು. ಕೈಪಂಪು ಒತ್ತುತ್ತ ಗುಳ್ಳೆಗಳು ನಿಲ್ಲುವ ತನಕ ಗಾಳಿ ಬಿಡಬೇಕಾಯಿತು. ಆಮೇಲೆ ಕೆಮ್ಮಿತು, ಕಪ್ಪು ಹೊಗೆ ಉಗುಳಿತು, ನಿಂತಿತು. ಮತ್ತೆ ಕೆಮ್ಮಿ, ಹಿಡಿದುಕೊಂಡಿತು. ಮಗ ಕುಣಿಯಲಿಲ್ಲ. ಬಾನೆಟಿಗೆ ಕಿವಿಯಿಟ್ಟು, “ಕಾಕಾ, ಟ್ಯಾಪೆಟ್ ಸ್ವಲ್ಪ ಸದ್ದು ಮಾಡುತ್ತದೆ” ಎಂದ. ಕಾಕಾ ಫೀಲರ್ ಗೇಜನ್ನು ಅವನ ಕೈಗೇ ಕೊಟ್ಟರು.

ಎಂಟು ವರ್ಷ ದಾಟಿದ ಬಾಡಿಗೆ ಗಾಡಿಗೆ ಪ್ರತಿ ವರ್ಷವೂ ಫಿಟ್‌ನೆಸ್ ಆಗಬೇಕು. ಹದಿನೈದು ದಾಟಿದವಕ್ಕೆ 2022ರ ಎಪ್ರಿಲಿನಿಂದ ಶುಲ್ಕ ಹಲವು ಪಟ್ಟು. ಅದೂ ಆಯಿತು. ಗಾಡಿ ಓಡುತ್ತಿದೆ, ಎಷ್ಟು ವರ್ಷ ಓಡೀತೆಂದು ನಾವು ಲೆಕ್ಕ ಹಾಕಿಲ್ಲ. ಸಾಲದ ಕಂತು ಮಾತ್ರ ತಪ್ಪದೆ ಹೋಗುತ್ತಿದೆ.

ಕರಾರಿನಂತೆ ಕಾಲೇಜಿನ ಮಾತು ಮತ್ತೆ ಬಂತು. ಬಾಡಿಗೆ ಗಾಡಿ ನಡೆಸುವ ಲೈಸೆನ್ಸಿಗೆ ಕಾನೂನಿನ ಪ್ರಕಾರ ಇಪ್ಪತ್ತು ವರ್ಷ ತುಂಬಬೇಕು. ಆದುದರಿಂದ ಸ್ಟಿಯರಿಂಗಿನ ಆಸೆಗೆ ನಾಲ್ಕು ವರ್ಷದ ಬೀಗ ಬಿದ್ದಿದೆ. ಹನ್ನೆರಡನೆಯದು ಮುಗಿಸಲು ಅವನು ಒಪ್ಪಿದ್ದಾನೆ. ಅನಂತರ ಐಟಿಐಯಲ್ಲಿ ಮೋಟಾರು ಮೆಕ್ಯಾನಿಕ್ ಎರಡು ವರ್ಷ ಎನ್ನುತ್ತಾನೆ ಅವನು. ಇಂಜಿನಿಯರಿಂಗು ಎನ್ನುತ್ತಾರೆ ಅವನ ತಾಯಿ. ನಮ್ಮ ಮನಸ್ಸು ಇನ್ನೂ ಎರಡು ಕಡೆಗೂ ತೂಗುತ್ತಿದೆ. ಕಾಕಾರನ್ನು ಕೇಳಿದರೆ, “ಇನ್ನೂ ಟೈಮ್ ಐತಿ” ಎನ್ನುತ್ತಾರೆ.

ಕೊನೆಯದಾಗಿ ಒಂದು ಸೂಚನೆ. ಕಾಕಾ ತಮ್ಮ ಟಾರ್ಕ್ ಪಾನಾವನ್ನೂ ಫೀಲರ್ ಗೇಜನ್ನೂ ಸಂಘದ ಕಚೇರಿಯಲ್ಲಿ ಇಟ್ಟಿದ್ದಾರೆ. ಬೇಕಾದವರು ಪುಸ್ತಕದಲ್ಲಿ ಸಹಿ ಮಾಡಿ ಒಯ್ಯಬಹುದು. ರವಿವಾರ ಮುಂಜಾನೆ ಹತ್ತರಿಂದ ಅವರು ಅಲ್ಲಿಯೇ ಇರುತ್ತಾರೆ. ಮಕ್ಕಳನ್ನೂ ಜೊತೆಗೆ ಕರೆತನ್ನಿ. ಪಾನಾವನ್ನು ಒರೆಸಿ, ಮುಳ್ಳನ್ನು ಸೊನ್ನೆಗೆ ತಂದು ಹಿಂದಿರುಗಿಸಬೇಕೆಂದು ಅವರ ಅಪ್ಪಣೆ.