ಕಾಡು ಕಾದ 618 ಕುಟುಂಬಗಳು



ಸಿಬ್ಬಂದಿಯಿಲ್ಲ, ಅನುದಾನವಿಲ್ಲ ಎಂಬ ಮಾತು ಮಲೆನಾಡಿನ ಸರ್ಕಾರಿ ಕಚೇರಿಗಳಲ್ಲಿ ನಿತ್ಯವೂ ಕೇಳಿಬರುತ್ತದೆ. ಅದು ಬಹುಮಟ್ಟಿಗೆ ನಿಜವೂ ಹೌದು. ಪಶ್ಚಿಮ ಬಂಗಾಳದ ಅರಾಬಾರಿಯಲ್ಲಿ 1970ರ ದಶಕದ ಆರಂಭದಲ್ಲಿ ಅರಣ್ಯ ಇಲಾಖೆಯ ಕಾವಲು ಸಾಲದಾಗಿತ್ತು. ಸುತ್ತಲಿನ ಬಡವರಿಗೆ ಸೌದೆ ಮಾರಾಟವೇ ಜೀವನೋಪಾಯ. ಅವರಿಂದ 1,272 ಹೆಕ್ಟೇರ್ ಕಾಡನ್ನು ಕಾಯುವುದೆಂತು? ಅರಣ್ಯಾಧಿಕಾರಿ ಅಜಿತ್ ಕುಮಾರ್ ಬ್ಯಾನರ್ಜಿಯವರು ಹನ್ನೊಂದು ಹಳ್ಳಿಗಳ 618 ಕುಟುಂಬಗಳನ್ನೇ ಕಾವಲಿಗೆ ಕರೆದರು. ನೆಡುತೋಪಿನ ಕೂಲಿ ಅವರಿಗೇ ಸಿಗುವಂತೆ ಕೆಲಸವನ್ನು ಹೊಂದಿಸಿ, ಕಟಾವಿನ ಆದಾಯದಲ್ಲಿ ಕಾಲು ಪಾಲಿನ ಭರವಸೆಯಿತ್ತರು. ಕೊಡಲಿಯಿಂದಲೂ ದನಗಳಿಂದಲೂ ತಪ್ಪಿಸಿಕೊಂಡ ಸಾಲ್ ಮರದ ಬೊಡ್ಡೆ ತಾನಾಗಿಯೇ ಚಿಗುರುತ್ತದೆ. ಸಸಿ ನೆಡುವ ವೆಚ್ಚ ಅಷ್ಟರಮಟ್ಟಿಗೆ ಉಳಿಯಿತು. ಎಲ್ಲ ಕಾಡುಗಳಿಗೂ ಈ ಅನುಕೂಲವಿಲ್ಲವೆಂಬುದು ಬೇರೆ ಮಾತು.

ಆದರೆ ಆ ಕಾಲು ಪಾಲಿಗೆ ಸರ್ಕಾರದ ಮಂಜೂರಾತಿ ದೊರೆತದ್ದು 1987ರಲ್ಲಿ. ಸುಮಾರು ಹದಿನೈದು ವರ್ಷ ಜನರು ಬಾಯಿಮಾತನ್ನು ನಂಬಿಯೇ ಕಾಡು ಕಾದರು. ಕರ್ನಾಟಕವು ಜಂಟಿ ಅರಣ್ಯ ಯೋಜನೆ ಮತ್ತು ನಿರ್ವಹಣೆಯ ಆದೇಶವನ್ನು 1993ರಲ್ಲಿ ಹೊರಡಿಸಿತು. ಗ್ರಾಮ ಅರಣ್ಯ ಸಮಿತಿಯು ಇಲಾಖೆಯ ಕಾವಲಿನ ಹೊಣೆಯನ್ನು ಹೊರುವ ಮೊದಲು, ಪಾಲು ಎಷ್ಟು, ಅದು ಕೈಸೇರುವುದು ಯಾವಾಗ ಎಂಬುದನ್ನು ಲಿಖಿತವಾಗಿ ಪಡೆದು, ಊರಿನ ಸಭೆಯಲ್ಲಿ ಓದಿ ಹೇಳಬೇಕು.