ನೆಗ್ಗಿಲಿನ ಎಲೆ: ಗುಣವೂ ಪರೀಕ್ಷೆಯೂ



ಮಂಗಳವೇಢೆಯ ಜೋಳದ ಹೊಲಗಳ ಬದುವಿನ ಮೇಲೆ ಬರಿಗಾಲಿನಲ್ಲಿ ನಡೆದು ಶಾಲೆಗೆ ಬಂದ ನಮಗೆ ನೆಗ್ಗಿಲಿನ ಮೊದಲ ಪರಿಚಯವಾದದ್ದು ಅಂಗಾಲಿಗೆ ಚುಚ್ಚಿದ ಮುಳ್ಳಿನಿಂದಲೇ. ನೆರೆಯ ಮರಾಠಿ ಬಂಧುಗಳು ಇದನ್ನು ಸರಾಟೆ ಎನ್ನುತ್ತಾರೆ. ಸಂಸ್ಕೃತದಲ್ಲಿ ಇದು ಗೋಕ್ಷುರ. ಮೂತ್ರವನ್ನು ಹೆಚ್ಚಿಸುವ ಹತ್ತು ದ್ರವ್ಯಗಳನ್ನು ಎಣಿಸುವಾಗ ಚರಕಸಂಹಿತೆಯು ಇದನ್ನು ಶ್ವದಂಷ್ಟ್ರಾ ಎಂಬ ಹೆಸರಿನಿಂದ ಸೇರಿಸಿದೆ. ವೈದ್ಯರು ಹೆಚ್ಚಾಗಿ ಬಳಸುವುದು ಕಾಯಿ ಮತ್ತು ಬೇರುಗಳನ್ನು; ಎಲೆಯನ್ನು ಬರಗಾಲದಲ್ಲಿ ಪಲ್ಲೆಯಾಗಿ ತಿಂದದ್ದೂ ಉಂಟು. ಇಷ್ಟು ಹಿಂದಿನಿಂದ ಬಳಕೆಯಲ್ಲಿರುವುದನ್ನು ಮತ್ತೆ ಪರೀಕ್ಷಿಸುವುದೇಕೆ ಎಂದು ಪಾಲಕರು ನಮ್ಮನ್ನು ಕೇಳುವುದು ಸಹಜ.

ಒಂದು ಚೆಂಬು ಕಷಾಯ ಕುಡಿದವರಿಗೆ ಮೂತ್ರ ಹೆಚ್ಚಾಯಿತೆನ್ನೋಣ. ಅದು ಎಲೆಯ ಗುಣವೋ, ಚೆಂಬಿನ ನೀರಿನ ಗುಣವೋ? ಇದನ್ನು ಬೇರ್ಪಡಿಸಲು 1943ರಲ್ಲಿ ಲಿಪ್‌ಶಿಟ್ಸ್ ಮತ್ತು ಸಂಗಡಿಗರು ರೂಪಿಸಿದ ಕ್ರಮವನ್ನು ಪ್ರಯೋಗಶಾಲೆಗಳು ಇಂದಿಗೂ ಅನುಸರಿಸುತ್ತಿವೆ. ಇಲಿಗಳಿಗೆಲ್ಲ ತೂಕಕ್ಕೆ ತಕ್ಕಂತೆ ಒಂದೇ ಪ್ರಮಾಣದ ಉಪ್ಪುನೀರನ್ನು ಕೊಡುವರು. ಒಂದು ಗುಂಪಿಗೆ ಅಷ್ಟೇ. ಇನ್ನೊಂದಕ್ಕೆ ಸಸ್ಯದ ಸಾರ, ಮತ್ತೊಂದಕ್ಕೆ ಗುಣ ಮೊದಲೇ ತಿಳಿದಿರುವ ಔಷಧ. ಬಳಿಕ ಕೆಲವು ಗಂಟೆಗಳ ಮೂತ್ರವನ್ನು ಅಳೆಯುವರು. ಅದರೊಡನೆ ಹೊರಹೋದ ಸೋಡಿಯಂ, ಪೊಟ್ಯಾಸಿಯಂಗಳ ಲೆಕ್ಕವೂ ಬೇಕು. ಪೊಟ್ಯಾಸಿಯಂ ಅತಿಯಾಗಿ ಕಳೆದರೆ ಹೃದಯದ ಬಡಿತವೇ ತಪ್ಪೀತು.

2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ನೆಗ್ಗಿಲಿನ ಎಲೆ ಮತ್ತು ಕಾಯಿಗಳ ನೀರಿನ ಸಾರವು ಇಲಿಗಳಲ್ಲಿ ಫ್ಯೂರೊಸೆಮೈಡ್ ಎಂಬ ಪ್ರಸಿದ್ಧ ಔಷಧಕ್ಕಿಂತ ತುಸು ಹೆಚ್ಚೇ ಮೂತ್ರವನ್ನು ಹೊರಡಿಸಿತು. ಹಿರಿಯರ ಮಾತು ಗೆದ್ದಿತೆಂದು ಹಿಗ್ಗುವ ಮೊದಲು ಪ್ರಮಾಣವನ್ನು ನೋಡಬೇಕು: ದೇಹತೂಕದ ಪ್ರತಿ ಕಿಲೋಗೆ 5 ಗ್ರಾಂ. ಅರವತ್ತು ಕಿಲೋ ತೂಕದ ಮನುಷ್ಯನಿಗೆ ನೇರವಾಗಿ ಗುಣಿಸಿದರೆ 300 ಗ್ರಾಂ! ಇಲಿಯಿಂದ ಮನುಷ್ಯನಿಗೆ ಹೀಗೆ ನೇರ ಗುಣಾಕಾರ ಸಲ್ಲದೆಂಬುದು ಬೇರೆ ಮಾತು.

ಸುರಕ್ಷತೆಯ ಪ್ರಶ್ನೆ ಇದಕ್ಕಿಂತ ಗಂಭೀರ. ದಕ್ಷಿಣ ಆಫ್ರಿಕಾದಲ್ಲಿ ಈ ಬಳ್ಳಿಯನ್ನು ಮೇಯ್ದ ಕುರಿಗಳಿಗೆ ಗೀಲ್‌ಡಿಕ್ಕೊಪ್, ಅಂದರೆ ‘ಹಳದಿ ದಪ್ಪತಲೆ’ ಎಂಬ ರೋಗ ಬರುತ್ತದೆ. ಬಳ್ಳಿಯ ಸಪೋನಿನ್‌ಗಳೂ ಒಂದು ಬಗೆಯ ಬೂಷ್ಟಿನ ವಿಷವೂ ಕೂಡಿ ಯಕೃತ್ತನ್ನು ಕೆಡಿಸುತ್ತವೆ. ಆಗ ಬಿಸಿಲು ತಾಗಿದರೆ ಕುರಿಯ ಮುಖ ಊದಿ ಚರ್ಮ ಸುಡುತ್ತದೆ. ಕುರಿ ಕಾಯುವ ಮನೆತನಗಳು ನಮ್ಮ ಪಾಲಕರಲ್ಲಿಯೂ ಇರುವುದರಿಂದ ಇದನ್ನು ಹೇಳುತ್ತಿದ್ದೇವೆ. ಮನುಷ್ಯರ ವಿಷಯದಲ್ಲಿ 2010ರ ವರದಿಯೊಂದುಂಟು: ಮೂತ್ರಕಲ್ಲು ಬಾರದಿರಲೆಂದು ಇರಾನಿನ ತರುಣನೊಬ್ಬನು ನೆಗ್ಗಿಲಿನ ನೀರನ್ನು ದಿನಕ್ಕೆ ಎರಡು ಲೀಟರಿನಂತೆ ಎರಡು ದಿನ ಕುಡಿದು, ಮೂತ್ರಪಿಂಡಗಳಿಗೂ ಯಕೃತ್ತಿಗೂ ಪೆಟ್ಟಾಗಿ ಆಸ್ಪತ್ರೆ ಸೇರಿದನು. ಒಂದೇ ಪ್ರಕರಣದಿಂದ ಗಿಡವನ್ನು ವಿಷವೆನ್ನಲಾಗದು. ಆದರೆ ಅವನು ಕುಡಿದದ್ದು ಮೂತ್ರಪಿಂಡದ ರಕ್ಷಣೆಗೆಂದೇ ಎಂಬುದನ್ನು ಮರೆಯಲಾಗದು. ಗರ್ಭಿಣಿಯರೂ ರಕ್ತದೊತ್ತಡದ ಗುಳಿಗೆ ಸೇವಿಸುವವರೂ ವೈದ್ಯರನ್ನು ಕೇಳದೆ ಈ ಕಷಾಯವನ್ನು ಮುಟ್ಟಬಾರದು.

ಪ್ರಾಣಿಗಳ ಮೇಲಿನ ಪ್ರಯೋಗ ಶಾಲೆಯ ಕೆಲಸವಲ್ಲ. ಆದರೆ ಪರೀಕ್ಷೆಯ ಮೊದಲ ಮೆಟ್ಟಿಲು, ಅಂದರೆ ಗಿಡದ ಗುರುತು, ನಮ್ಮ ಮಕ್ಕಳಿಗೂ ಸಾಧ್ಯ. ಪೇಟೆಯಲ್ಲಿ ಗೋಖರು ಎಂಬ ಒಂದೇ ಹೆಸರಿನಲ್ಲಿ ನೆಗ್ಗಿಲೂ ದೊರೆಯುತ್ತದೆ, ಆನೆನೆಗ್ಗಿಲೂ ದೊರೆಯುತ್ತದೆ. ಇವು ಬೇರೆ ಬೇರೆ ಕುಟುಂಬದ ಸಸ್ಯಗಳು, ಒಂದರ ಫಲಿತಾಂಶ ಇನ್ನೊಂದಕ್ಕೆ ಅನ್ವಯಿಸದು. ಆನೆನೆಗ್ಗಿಲಿನ ಹಸಿ ರೆಂಬೆಯನ್ನು ಎಲೆಸಹಿತ ನೀರಿನಲ್ಲಿ ಕಲಕಿದರೆ ನೀರು ಲೋಳೆಯಾಗುತ್ತದೆ, ನೆಗ್ಗಿಲಿನದು ಹಾಗಾಗದು. ಎರಡು ಗಾಜಿನ ಲೋಟಗಳಿದ್ದರೆ ಐದನೆಯ ತರಗತಿಯ ಮಗುವೂ ಇದನ್ನು ಮಾಡಿ ತೋರಿಸಬಲ್ಲದು.