ತರೂಸಾದ ಕಲ್ಲು

ರೈಲು ತಲುಪದ ಊರು ತರೂಸಾ. ಮಾಸ್ಕೋದ ದಕ್ಷಿಣಕ್ಕೆ ಸುಮಾರು 140 ಕಿಲೋಮೀಟರ್ ದೂರದಲ್ಲಿ, ಓಕಾ ನದಿಯ ದಂಡೆಯ ಮೇಲಿದೆ. ಸುತ್ತ ಬರ್ಚ್ ಕಾಡು, ಕೆತ್ತನೆಯ ಕಿಟಕಿಗಳ ಮರದ ಮನೆಗಳು. ಕಥೆಗಾರ ಪೌಸ್ತೋವ್‌ಸ್ಕಿ ಇಲ್ಲೇ ನೆಲೆಸಿದ್ದರು, 1968ರಲ್ಲಿ ಈ ಮಣ್ಣನ್ನೇ ಸೇರಿದರು.

ಆದರೆ ನನ್ನ ಮನಸ್ಸು ನಿಲ್ಲುವುದು ನದಿಯ ಮೇಲಿನ ಏರಿನಲ್ಲಿರುವ ಒಂದು ಬಂಡೆಯ ಮುಂದೆ. ಕವಯಿತ್ರಿ ಮರೀನಾ ತ್ಸ್ವೆತಾಯೆವಾ ಬಾಲ್ಯದ ಬೇಸಿಗೆಗಳನ್ನು ಇಲ್ಲಿ ಕಳೆದಿದ್ದರು. ಮುಂದೆ ಫ್ರಾನ್ಸಿನಲ್ಲಿ ವಲಸೆಯ ಬದುಕು. ಸತ್ತರೆ ತರೂಸಾದಲ್ಲೇ ಮಣ್ಣಾಗಬೇಕು, ಅದಾಗದಿದ್ದರೆ ಇಲ್ಲಿನ ಕಲ್ಲುಗಣಿಯ ಒಂದು ಕಲ್ಲನ್ನಾದರೂ ನಿಲ್ಲಿಸಲಿ ಎಂದು 1934ರಲ್ಲಿ ಬರೆದರು. ಎಂಥ ಸಣ್ಣ ಬೇಡಿಕೆ! ತಾಯ್ನಾಡಿಗೆ ಮರಳಿದ ಮೇಲೆ, 1941ರಲ್ಲಿ ಅವರು ತೀರಿಕೊಂಡದ್ದು ದೂರದ ಯೆಲಾಬುಗಾ ಊರಿನಲ್ಲಿ. ಸಮಾಧಿಯ ನಿಖರ ಜಾಗ ಇಂದಿಗೂ ಯಾರಿಗೂ ತಿಳಿಯದು.

1962ರಲ್ಲಿ ವಿದ್ಯಾರ್ಥಿಯೊಬ್ಬ ಆ ಕಲ್ಲನ್ನು ನೆಡಿಸಿದ. ಅಧಿಕಾರಿಗಳು ಅದನ್ನು ಕೀಳಿಸಿದರು. 1988ರಲ್ಲಿ ಕಲ್ಲು ಮತ್ತೆ ಬಂತು, ಈಗಲೂ ಇದೆ.